54 ಪರ್ಸೆಂಟ್ ಇಟ್ಟುಕೊಂಡು ನರ್ಸಿಂಗ್‌ಗೆ ಹೋಗಬಹುದಾ?

ಮೇಡಂ, ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್‌ನಲ್ಲಿ 54 ಪರ್ಸೆಂಟ್ ಬಂದಿದೆ. ಬಿಎಸ್ಸಿ ನರ್ಸಿಂಗ್ ಮಾಡುವ ಆಸೆ. ಹೋದ ವರ್ಷ ಅಜ್ಜಿಗೆ ಕಿಡ್ನಿ ತೊಂದರೆಯಾಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ನಾನೇ ಜೊತೆಗಿದ್ದೆ. ಎಷ್ಟು ನೀರು ಕುಡಿದಳು, ಚೀಲದಲ್ಲಿ ಎಷ್ಟು ಮೂತ್ರ ಬಂತು ಅಂತ ಹಳೇ ಡೈರಿಯಲ್ಲಿ ಬರೆದಿಡುತ್ತಿದ್ದೆ. ಆಸೆ ಹುಟ್ಟಿದ್ದು ಅಲ್ಲೇ. ಆದರೆ ನಮ್ಮ ಸೋದರಮಾವ "ಅದೆಲ್ಲ ಇಂಗ್ಲಿಷ್, ನಿನ್ನ ಕೈಲಾಗಲ್ಲ, ಸುಮ್ನೆ ಬಿಎ ಮಾಡು" ಅಂತಾರೆ. ಅಪ್ಪ ಸಾಲ ಮಾಡಿ ಸೇರಿಸಿದ ಮೇಲೆ ನಾನು ಫೇಲಾದರೆ? ನನ್ನಂಥ ಸಾಧಾರಣ ಹುಡುಗಿ ಪಾಸಾಗಬಹುದಾ?

ಮಗಳೇ,

ನಿನ್ನ ಕಾಗದದಲ್ಲಿ ನನ್ನ ಕಣ್ಣು ನಿಂತಿದ್ದು 54ರ ಮೇಲಲ್ಲ, ಆ ಡೈರಿಯ ಮೇಲೆ. ನೀನು ಬರೆದಿಟ್ಟಿದ್ದಕ್ಕೆ ವಾರ್ಡಿನಲ್ಲಿ ಇನ್‌ಟೇಕ್ ಔಟ್‌ಪುಟ್ ಚಾರ್ಟ್ ಅಂತಾರೆ. ಇಡೀ ದಿನದಲ್ಲಿ ಒಳಗೆ ಹೋದದ್ದು 1,800 ಮಿ.ಲೀ., ಹೊರಗೆ ಬಂದದ್ದು ಬರೀ 400 ಅಂತ ಕಂಡರೆ ಡಾಕ್ಟರಿಗೆ ಅದೊಂದು ದೊಡ್ಡ ಸುಳಿವು. ನಾನು ಇಪ್ಪತ್ತು ವರ್ಷ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡಿದವಳು. ಪಿಯುಸಿಯಲ್ಲಿ 90 ತೆಗೆದು ಬಂದವರೂ ರಾತ್ರಿ ಮೂರು ಗಂಟೆಗೆ ಈ ಚಾರ್ಟನ್ನು ಅಂದಾಜಿನ ಮೇಲೆ ತುಂಬಿದ್ದನ್ನು ನೋಡಿದ್ದೇನೆ. ಬೈದೂ ಇದ್ದೇನೆ. ನಿನಗೆ ಯಾರೂ ಹೇಳಿಕೊಡದೆ ಅದು ಬಂದಿದೆ.

ಹಾಗಂತ ಓದು ಸುಲಭ ಅನ್ನಲಾರೆ. ಮೊದಲ ಸೆಮಿಸ್ಟರಿನಲ್ಲೇ ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ಅಂಗಗಳು ಕೆಲಸ ಮಾಡುವ ರೀತಿ), ಸೈಕಾಲಜಿ, ನರ್ಸಿಂಗ್ ಫೌಂಡೇಶನ್ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಪಾಸಾಗಲು ಥಿಯರಿಯಲ್ಲಿ 50 ಪರ್ಸೆಂಟ್, ಪ್ರಾಕ್ಟಿಕಲ್‌ನಲ್ಲಿ ಬೇರೆಯಾಗಿ 50 ಪರ್ಸೆಂಟ್ ಬೇಕು. ಒಂದನ್ನು ತೋರಿಸಿ ಇನ್ನೊಂದರಲ್ಲಿ ತಪ್ಪಿಸಿಕೊಳ್ಳೋಕಾಗಲ್ಲ. ನೀನು ಹೆದರುವ ಇಂಗ್ಲಿಷ್ ಪೇಪರಿಗೆ ಮಾತ್ರ 40 ಸಾಕು. ಮಾವನಿಗೆ ಇದನ್ನು ಹೇಳು.

ಕನ್ನಡ ಮೀಡಿಯಂ ಮಕ್ಕಳು ಸೋಲುವುದು ಬುದ್ಧಿ ಕಡಿಮೆಯಾಗಿ ಅಲ್ಲ. ಮೊದಲ ಮೂರು ತಿಂಗಳು ಬಾಯಿ ಬಿಡದೆ ಹಿಂದಿನ ಬೆಂಚಿನಲ್ಲಿ ಕೂತುಬಿಡುತ್ತಾರೆ. ಆಮೇಲೆ ಪುಸ್ತಕ ಬೆಟ್ಟವಾಗಿ ಕಾಣುತ್ತದೆ. ಈ ವೈದ್ಯಕೀಯ ಪದಗಳಿಗೆ ಒಂದು ಗುಟ್ಟಿದೆ. ಅವನ್ನು ಒಡೆದು ಓದಬೇಕು. 'ಐಟಿಸ್' ಅಂತ ಕೊನೆಯಾದರೆ ಉರಿಯೂತ. 'ನೆಫ್ರೋ' ಕಿಡ್ನಿ, 'ಹೆಪಟೋ' ಲಿವರ್, 'ಗ್ಯಾಸ್ಟ್ರೋ' ಹೊಟ್ಟೆ. ನೆಫ್ರೈಟಿಸ್, ಹೆಪಟೈಟಿಸ್, ಗ್ಯಾಸ್ಟ್ರೈಟಿಸ್ ಏನು ಅಂತ ಈಗ ನೀನೇ ಹೇಳು. ಇಂಥ ತುಂಡುಗಳನ್ನು ದಿನಕ್ಕೆ ಐದರಂತೆ ಈಗಿಂದಲೇ ಆ ಡೈರಿಯ ಉಳಿದ ಹಾಳೆಗಳಲ್ಲಿ ಬರೆಯಲು ಶುರುಮಾಡು. ಕ್ಲಾಸು ಶುರುವಾಗುವ ಹೊತ್ತಿಗೆ ಇನ್ನೂರು ಮುನ್ನೂರು ನಿನ್ನ ಹತ್ತಿರ ಇರುತ್ತವೆ.

ಇನ್ನು ಲೆಕ್ಕ. 500 ಮಿ.ಲೀ. ಡ್ರಿಪ್ ಆರು ಗಂಟೆಯಲ್ಲಿ ಮುಗಿಯಬೇಕು. ಡ್ರಿಪ್ ಹಾಕುವ ಕೊಳವೆಯ ಸೆಟ್‌ನಲ್ಲಿ ಒಂದು ಮಿ.ಲೀ.ಗೆ 20 ಹನಿ. ಹಾಗಾದರೆ ನಿಮಿಷಕ್ಕೆ ಎಷ್ಟು ಹನಿ? 500ನ್ನು 20ರಿಂದ ಗುಣಿಸಿ 360 ನಿಮಿಷದಿಂದ ಭಾಗಿಸು. ಸುಮಾರು 28. ಹೈಸ್ಕೂಲಿನ ಗುಣಾಕಾರ, ಭಾಗಾಕಾರ ಇಷ್ಟೇ. ಆದರೆ ಪರೀಕ್ಷೆಯಲ್ಲಿ ತಪ್ಪಿದರೆ ಎರಡು ಮಾರ್ಕ್ಸು ಹೋಗುತ್ತದೆ, ವಾರ್ಡಿನಲ್ಲಿ ತಪ್ಪಿದರೆ ನಿನ್ನ ಅಜ್ಜಿಯಂಥವರ ಎದೆಯಲ್ಲಿ ನೀರು ತುಂಬಬಹುದು. ಅದಕ್ಕೇ ನಾವು ಎರಡು ಸಲ ಲೆಕ್ಕ ಹಾಕುವವರನ್ನು ಇಷ್ಟಪಡುತ್ತೇವೆ. ಬೇಗ ಹಾಕುವವರು ನಮಗೆ ಅಷ್ಟು ಮುಖ್ಯವಲ್ಲ.

ಫೇಲಾದರೆ ಅಂತ ಕೇಳಿದ್ದೀಯ. ಆಗಬಹುದು. ಅನಾಟಮಿ, ಫಿಸಿಯಾಲಜಿಯಲ್ಲಿ ಒಂದು ಪೇಪರ್ ಹೋಗಿ ಹಾಸ್ಟೆಲಿನಲ್ಲಿ ಅತ್ತ ಹುಡುಗಿಯರು ನನಗೆ ಬೇಕಾದಷ್ಟು ಗೊತ್ತು. ಅವರಲ್ಲಿ ಒಬ್ಬಳು ಈಗ ಐಸಿಯು ಇನ್‌ಚಾರ್ಜ್. ಹೋದ ಪೇಪರ್ ಮತ್ತೆ ಬರೆಯಬಹುದು, ಮುಂದಿನ ಸೆಮಿಸ್ಟರಿನ ಕ್ಲಾಸಿಗೆ ಅದು ಅಡ್ಡ ಬರಲ್ಲ. ಆದರೆ ಐದನೇ ಸೆಮಿಸ್ಟರಿನ ಪರೀಕ್ಷೆಗೆ ಮೊದಲು ಹಳೇ ಬಾಕಿ ಎಲ್ಲ ತೀರಿರಬೇಕು. ಪಾಠಕ್ಕೆ 80 ಪರ್ಸೆಂಟ್ ಹಾಜರಾತಿ ಬೇಕು. ಜಾತ್ರೆ, ಮದುವೆ ಅಂತ ಪದೇ ಪದೇ ಊರಿಗೆ ಓಡಿದರೆ ಬುದ್ಧಿವಂತರೂ ಇಲ್ಲೇ ಸಿಕ್ಕಿಬೀಳುತ್ತಾರೆ.

ನಾನು ನಿನ್ನ ಮಾರ್ಕ್ಸಿಗಿಂತ ಜಾಸ್ತಿ ಹೆದರುವುದು ಕಾಲೇಜಿನ ಆಯ್ಕೆಗೆ. ಬಿಎಸ್ಸಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ 45 ಪರ್ಸೆಂಟ್ ಬೇಕು. ಆ ಮೂರನ್ನು ಕೂಡಿಸಿ ನೋಡಿಕೋ. ಸಿಇಟಿ ಬರೆದಿದ್ದೀಯೋ ಇಲ್ಲವೋ ತಿಳಿಸಿಲ್ಲ. ಸರ್ಕಾರಿ ಸೀಟು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕವೇ ಸಿಗಬೇಕು, ಅಪ್ಪನ ಸಾಲ ಇಳಿಸುವ ದಾರಿ ಮೊದಲು ಅದೇ. "ಸೀಟು ಕೊಡಿಸ್ತೀನಿ" ಅಂತ ಬರುವ ಬ್ರೋಕರ್ ಕೈಗೆ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೊಡಬೇಡ. ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆ, ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ಮಾನ್ಯತೆ ಎರಡೂ ಇರಬೇಕು. ಆಮೇಲೆ ಅವರ ಆಸ್ಪತ್ರೆಯ ಒಳಗೆ ಒಂದು ಸುತ್ತು ಬಾ. ಮಂಚಗಳೇನೋ ಸಾಲಾಗಿರುತ್ತವೆ, ಅವುಗಳ ಮೇಲೆ ರೋಗಿಗಳು ಇದ್ದಾರಾ ನೋಡು. ರೋಗಿಗಳೇ ಇಲ್ಲದ ಕಡೆ ನಾಲ್ಕು ವರ್ಷ ಕೂತು ನೀನು ಕಲಿಯುವುದೇನು?

ಸಾಲದ ಹೊರೆ ತೀರಾ ಜಾಸ್ತಿ ಅನಿಸಿದರೆ ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಅನ್ನುವ ನರ್ಸಿಂಗ್ ಡಿಪ್ಲೊಮಾ ಇದೆ. ಅದು ಮುಗಿಸಿ, ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿಕೊಂಡವರು ಎಷ್ಟೋ ಜನ.

ಒಂದು ಮಾತು ನಿನ್ನನ್ನೇ ಕೇಳಬೇಕು. ಹನ್ನೊಂದು ದಿನದಲ್ಲಿ ಅಜ್ಜಿಯ ಬೆಡ್‌ಪ್ಯಾನ್ ತೆಗೆಯುವಾಗ ನಿನಗೆ ಹೇಗನಿಸಿತು? ಅಜ್ಜಿ ಅಂತ ಮಾಡಿದೆಯಾ, ಅಥವಾ ಪಕ್ಕದ ಮಂಚದವರಿಗೂ ಮಾಡುತ್ತಿದ್ದೆಯಾ? ಇದಕ್ಕೆ ಉತ್ತರ ನನಗೆ ಬರೆಯಬೇಕಿಲ್ಲ. ಮಾಡುತ್ತಿದ್ದೆ ಅನಿಸಿದರೆ ಅರ್ಜಿ ಹಾಕು.

ಹಾಂ, ಕಾಲೇಜು ನೋಡಲು ಹೋಗುವಾಗ ಮಾವನನ್ನೂ ಕರೆದುಕೊಂಡು ಹೋಗು. ಫೀಸು, ಹಾಸ್ಟೆಲ್, ಬಸ್ಸು, ಯೂನಿಫಾರ್ಮು ಅಂತ ಪೈಸೆ ಪೈಸೆ ಕೆದಕಿ ಕೇಳಲು ಇಂಥವರೇ ಸರಿ.