ಸರ್ಟಿಫಿಕೇಟ್ ಆಮೇಲೆ, ಮೊದಲು ಯಾವ ಕೆಲಸ ಎಂದು ಹೇಳಿ

‘ಯಾವ ಕೋರ್ಸ್ ಮಾಡಿದರೆ ಫೈನಾನ್ಸ್‌ನಲ್ಲಿ ಕೆಲಸ ಸಿಗುತ್ತದೆ?’ ಪ್ರತಿ ಸಲ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕೂ ಹೆಚ್ಚು ಇದೇ. ಫೈನಾನ್ಸ್ ಎನ್ನುವುದು ಒಂದು ಕೆಲಸದ ಹೆಸರಲ್ಲ. ಸಾಲ ವಸೂಲಿ ಮಾಡುವವರು, ಮ್ಯೂಚುವಲ್ ಫಂಡ್ ಮಾರುವವರು, ಷೇರು ವ್ಯವಹಾರದ ಲೆಕ್ಕ ತಾಳೆ ಹಾಕುವವರು, ಗ್ರಾಹಕರ ಕೆವೈಸಿ ಪರಿಶೀಲಿಸುವವರು ಎಲ್ಲರೂ ಇದೇ ಸೂರಿನಡಿ ಇದ್ದಾರೆ. ಒಬ್ಬರಿಗೆ ಬೇಕಾದ ಪ್ರಮಾಣಪತ್ರ ಇನ್ನೊಬ್ಬರಿಗೆ ಕಾಗದದ ಚೂರು. ಕೆಲವು ಪ್ರಮಾಣಪತ್ರಗಳು ಪರವಾನಗಿ ಇದ್ದಂತೆ, ಅವಿಲ್ಲದೆ ಆ ಕೆಲಸ ಮಾಡುವಂತಿಲ್ಲ. ಉಳಿದವೆಲ್ಲ ಬಯೋಡೇಟಾದ ಅಲಂಕಾರ. ದುಡ್ಡು ಕಟ್ಟುವ ಮೊದಲು ನಿಮ್ಮದು ಯಾವುದು ಎಂದು ವಿಚಾರಿಸಿಕೊಳ್ಳಿ.

ಪ್ರಶ್ನೆ: ನಾನು ಬಿ.ಕಾಂ. ದಾವಣಗೆರೆಯ ಸೀರೆ ಅಂಗಡಿಯೊಂದರಲ್ಲಿ ಎಂಟು ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಟ್ಯಾಲಿ, ಜಿಎಸ್‌ಟಿ, ಬ್ಯಾಂಕ್ ಕೆಲಸ ಎಲ್ಲ ನನ್ನದೇ. ಪತಿಗೆ ಬೆಂಗಳೂರಿಗೆ ವರ್ಗವಾಗಿದೆ. ಅಲ್ಲಿನ ಒಂದು ತರಬೇತಿ ಸಂಸ್ಥೆಯವರು ‘ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್’ ಕೋರ್ಸ್‌ಗೆ 85,000 ರೂಪಾಯಿ ಕೇಳುತ್ತಿದ್ದಾರೆ, ಕೆಲಸ ಗ್ಯಾರಂಟಿ ಅಂತೆ. ನನಗೀಗ 34 ವರ್ಷ. ಸೇರಿಕೊಳ್ಳಲೇ ಸರ್?

ಸೇರಬೇಡಿ. ಕಾರಣ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದೇ ಪ್ರಶ್ನೆಯನ್ನು ಶಿವಮೊಗ್ಗದ ಸಹಕಾರ ಸಂಘದ ಗುಮಾಸ್ತರೂ ಹುಬ್ಬಳ್ಳಿಯ ಔಷಧ ಅಂಗಡಿಯ ಕ್ಯಾಷಿಯರೂ ಕೇಳಿದ್ದಾರೆ.

ಆ ಹೆಸರೇ ಮೊದಲ ಮೋಸ. ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಎಂದರೆ ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವುದು, ಕಂಪನಿಗಳ ಖರೀದಿ, ವಿಲೀನ ಮಾಡಿಸುವುದು. ಈ ಕೋರ್ಸ್‌ಗಳು ಕಲಿಸುವುದು ಅದನ್ನಲ್ಲ, ಆ ಬ್ಯಾಂಕುಗಳ ಆಪರೇಷನ್ಸ್ ವಿಭಾಗದ ಕೆಲಸವನ್ನು. ಅಂದರೆ ರೀಕನ್ಸಿಲಿಯೇಷನ್ (ಎರಡು ಕಡೆಯ ಲೆಕ್ಕ ತಾಳೆ ಹಾಕುವುದು), ಸೆಟಲ್‌ಮೆಂಟ್ (ಕೊಂಡ ಷೇರು, ಕೊಟ್ಟ ಹಣ ಕೈ ಬದಲಾಗುವುದು), ಕಾರ್ಪೊರೇಟ್ ಆಕ್ಷನ್ (ಡಿವಿಡೆಂಡ್, ಬೋನಸ್‌ನಂಥ ಕಂಪನಿ ಘೋಷಣೆಗಳ ನಿರ್ವಹಣೆ), ಫಂಡ್ ಅಕೌಂಟಿಂಗ್ (ಹೂಡಿಕೆ ನಿಧಿಗಳ ಲೆಕ್ಕ), ಕೆವೈಸಿ. ಬೆಂಗಳೂರಿನಲ್ಲಿರುವ ವಿದೇಶಿ ಬ್ಯಾಂಕುಗಳ ಕಚೇರಿಗಳಲ್ಲಿ ಸಾವಿರಾರು ಜನ ಮಾಡುತ್ತಿರುವುದು ಇದನ್ನೇ. ಗೌರವದ ಕೆಲಸ, ಒಳ್ಳೆಯ ಕೆಲಸ. ಆದರೆ ಹೆಸರು ಬದಲಿಸಿ ಮಾರುವವರಿಗೆ ದುಡ್ಡು ಕೊಡಬೇಕಾಗಿಲ್ಲ.

ಎರಡನೆಯದು ಗ್ಯಾರಂಟಿ. ಒಪ್ಪಂದದ ಪತ್ರವನ್ನು ಮನೆಗೆ ತಂದು ಓದಿ. ‘ಗ್ಯಾರಂಟಿ’ ಎಂಬ ಪದ ಜಾಹೀರಾತಿನಲ್ಲಿ ಇರುತ್ತದೆ, ಪತ್ರದಲ್ಲಿ ‘ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಆಗಿರುತ್ತದೆ. ಇಷ್ಟು ಸಂದರ್ಶನಕ್ಕೆ ಕಳಿಸುತ್ತೇವೆ, ಒಂದಕ್ಕೆ ತಪ್ಪಿಸಿಕೊಂಡರೂ, ಸಿಕ್ಕ ಕೆಲಸ ಬೇಡವೆಂದರೂ ನಮ್ಮ ಹೊಣೆ ಮುಗಿಯಿತು ಎಂದಿರುತ್ತದೆ. ‘ಕಂತಿನಲ್ಲಿ ಕಟ್ಟಿ’ ಎಂದು ಸಹಿ ಹಾಕಿಸಿಕೊಳ್ಳುವುದು ಬಹಳ ಸಲ ಫೀಸಿನ ಕಂತಿಗಲ್ಲ, ಹಣಕಾಸು ಕಂಪನಿಯೊಂದರ ಸಾಲಕ್ಕೆ. ತರಗತಿ ನಿಂತುಹೋದರೂ ಇಎಂಐ ನಿಲ್ಲುವುದಿಲ್ಲ, ತಪ್ಪಿಸಿದರೆ ನಿಮ್ಮ ಸಿಬಿಲ್ ಸ್ಕೋರ್ ಕೆಡುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಕ್ರೆಡಿಟ್ ವರದಿ ತೆಗೆಸಿ ನೋಡುವ ಹಣಕಾಸು ಕಂಪನಿಗಳೂ ಇವೆ ಎಂಬುದು ನೆನಪಿರಲಿ.

ಸಂಸ್ಥೆಯ ಮಟ್ಟ ತಿಳಿಯಲು ಒಂದು ಪ್ರಶ್ನೆ ಸಾಕು. ‘ಷೇರಿನ ಸೆಟಲ್‌ಮೆಂಟ್ ಎಷ್ಟು ದಿನ?’ ಎಂದು ಕೇಳಿ. ಎಲ್ಲದಕ್ಕೂ ಟಿ+2 (ವ್ಯವಹಾರ ನಡೆದ ಮೇಲೆ ಎರಡು ಕೆಲಸದ ದಿನ) ಎಂದರೆ ಎದ್ದು ಬನ್ನಿ. ಭಾರತದಲ್ಲಿ 2023ರ ಜನವರಿ 27ರಿಂದ ಎಲ್ಲ ಷೇರುಗಳೂ ಟಿ+1ಕ್ಕೆ ಬಂದಿವೆ. ಅಮೆರಿಕ 2024ರ ಮೇ 28ರಂದು ಬದಲಾಯಿಸಿತು. ಯುರೋಪ್ 2027ರ ಅಕ್ಟೋಬರ್‌ಗೆ ಬದಲಾಯಿಸುವುದಾಗಿ ಹೇಳಿದೆ. ಇದರ ಜೊತೆಗೇ ಇನ್ನೊಂದೂ ಬದಲಾಗಿದೆ. ಡಿವಿಡೆಂಡ್‌ನ ಎಕ್ಸ್-ಡೇಟ್ (ಆ ದಿನದಿಂದ ಕೊಂಡವರಿಗೆ ಡಿವಿಡೆಂಡ್ ಇಲ್ಲ) ರೆಕಾರ್ಡ್ ಡೇಟ್‌ಗಿಂತ (ಡಿವಿಡೆಂಡ್ ಯಾರಿಗೆ ಎಂದು ಕಂಪನಿ ಪಟ್ಟಿ ನೋಡುವ ದಿನ) ಒಂದು ದಿನ ಮೊದಲು ಬರುತ್ತದೆ ಎನ್ನುವುದು ಹಳೆಯ ಪಾಠ, ಈಗ ಸಾಮಾನ್ಯವಾಗಿ ಎರಡೂ ಒಂದೇ ದಿನ. ಹಳೆಯ ನೋಟ್ಸ್ ಜೆರಾಕ್ಸ್ ಮಾಡಿ ಹಂಚುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಈಗ ನಿಮ್ಮ ವಿಷಯ. ‘ನನಗೆ ಅಂಗಡಿ ಲೆಕ್ಕ ಬಿಟ್ಟು ಬೇರೇನೂ ಗೊತ್ತಿಲ್ಲ’ ಎಂದೂ ಬರೆದಿದ್ದೀರಿ. ಈ ಮಾತನ್ನು ಸಂದರ್ಶನದಲ್ಲಿ ದಯವಿಟ್ಟು ಆಡಬೇಡಿ, ಅದು ನಿಜವೂ ಅಲ್ಲ. ಶನಿವಾರ ನಿಮ್ಮ ಕಾರ್ಡ್ ಮಷಿನ್ 1,84,300 ರೂಪಾಯಿ ತೋರಿಸಿತು, ಬ್ಯಾಂಕಿಗೆ ಬಂದದ್ದು 1,76,690.16 ಎಂದಿಟ್ಟುಕೊಳ್ಳಿ. ವ್ಯತ್ಯಾಸ 7,609.84. ನೀವು ಹುಡುಕುತ್ತೀರಿ. ಒಂದು ಸೀರೆ ವಾಪಸ್ ಬಂದು 5,500 ರೂಪಾಯಿ ರೀಫಂಡ್ ಹೋಗಿದೆ. ಉಳಿದ 1,78,800ಕ್ಕೆ ಬ್ಯಾಂಕಿನ ಶುಲ್ಕ ಶೇ 1ರಂತೆ 1,788. ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ 321.84. ಮೂರೂ ಕೂಡಿದರೆ ಪೈಸೆಗೆ ಪೈಸೆ ಸರಿ. ಆಪರೇಷನ್ಸ್‌ನವರು ಈ ವ್ಯತ್ಯಾಸವನ್ನು ‘ಬ್ರೇಕ್’ ಎನ್ನುತ್ತಾರೆ, ಕಾರಣ ಹುಡುಕುವುದನ್ನು ‘ಇನ್ವೆಸ್ಟಿಗೇಷನ್’ ಎನ್ನುತ್ತಾರೆ, ಎಷ್ಟು ದಿನದಿಂದ ಬಾಕಿ ಇದೆ ಎಂಬ ಪಟ್ಟಿಯನ್ನು ‘ಏಜಿಂಗ್’ ಎನ್ನುತ್ತಾರೆ. ನಿಮ್ಮಲ್ಲಿ ಸ್ವೈಪ್ ಆದ ದಿನ, ಹಣ ಬಂದ ದಿನ ಬೇರೆ. ಅವರಲ್ಲಿ ಟ್ರೇಡ್ ಡೇಟ್, ಸೆಟಲ್‌ಮೆಂಟ್ ಡೇಟ್ ಬೇರೆ. ಪ್ರತಿ ತಿಂಗಳು 14ರಂದು ಜಿಎಸ್‌ಟಿಆರ್-2ಬಿ (ನಿಮಗೆ ಮಾರಿದವರು ದಾಖಲಿಸಿದ ಬಿಲ್ಲುಗಳ ಪಟ್ಟಿ) ಬಂದ ಮೇಲೆ ಖರೀದಿ ಪುಸ್ತಕದ ಜೊತೆ ಹೋಲಿಸಿ, ಬಿಲ್ ಹಾಕದ ವ್ಯಾಪಾರಿಗೆ ಫೋನ್ ಮಾಡಿ ಬೆನ್ನುಹತ್ತುತ್ತೀರಲ್ಲ, ಅದೂ ಇದೇ ಜಾತಿಯ ಕೆಲಸ. ಅಲ್ಲಿ ಎದುರಿಗಿರುವವರು ಕಸ್ಟೋಡಿಯನ್ ಬ್ಯಾಂಕ್ (ಹೂಡಿಕೆದಾರರ ಷೇರುಗಳನ್ನು ಕಾಪಿಡುವ ಬ್ಯಾಂಕ್) ಅಥವಾ ಬ್ರೋಕರ್ ಆಗಿರುತ್ತಾರೆ, ಅಷ್ಟೇ.

ಬಯೋಡೇಟಾದಲ್ಲಿ ‘ಟ್ಯಾಲಿ ಗೊತ್ತು, ಕಷ್ಟಪಟ್ಟು ದುಡಿಯುತ್ತೇನೆ’ ಎಂದು ಬರೆದರೆ ಯಾರೂ ಓದುವುದಿಲ್ಲ. ಎಷ್ಟು ಬ್ಯಾಂಕ್ ಖಾತೆ, ತಿಂಗಳಿಗೆ ಎಷ್ಟು ಎಂಟ್ರಿ, ಯಾವ ತಾರೀಖಿನೊಳಗೆ ತಾಳೆ ಮುಗಿಸುತ್ತೀರಿ, 30 ದಿನ ಮೀರಿದ ಬಾಕಿ ಎಷ್ಟಿತ್ತು, ಎಷ್ಟಕ್ಕೆ ಇಳಿಸಿದಿರಿ, ನಿಮ್ಮ ಎಂಟ್ರಿಯನ್ನು ಯಾರು ಪರಿಶೀಲಿಸುತ್ತಿದ್ದರು ಎಂದು ಬರೆಯಿರಿ. ಕೊನೆಯದು ಮುಖ್ಯ. ಒಬ್ಬರು ಮಾಡಿ ಇನ್ನೊಬ್ಬರು ಪರಿಶೀಲಿಸುವ ಮೇಕರ್-ಚೆಕರ್ ಪದ್ಧತಿ ಈ ಉದ್ಯಮದ ಬೆನ್ನೆಲುಬು. ನೀವೇ ಮಾಡಿ ನೀವೇ ಮುಚ್ಚಿದ್ದರೆ ಹಾಗೆಂದೇ ಹೇಳಿ, ಸುಳ್ಳು ಬೇಡ.

ನಿಮಗಿರುವ ಕೊರತೆ ಎರಡು. ಒಂದು, ಷೇರು ಮಾರುಕಟ್ಟೆಯ ಪರಿಭಾಷೆ. ಇದಕ್ಕೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಸ್ಥಾಪಿಸಿದ ನಿಸ್ಮ್ ಸಂಸ್ಥೆಯ ಸೀರೀಸ್ 7, ಅಂದರೆ ಸೆಕ್ಯೂರಿಟೀಸ್ ಆಪರೇಷನ್ಸ್ ಅಂಡ್ ರಿಸ್ಕ್ ಮ್ಯಾನೇಜ್‌ಮೆಂಟ್ ಪರೀಕ್ಷೆ ಸಾಕು. ಎರಡು ಗಂಟೆ, 100 ಪ್ರಶ್ನೆ, ಪಾಸಾಗಲು 50 ಅಂಕ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. 55 ಸರಿ, 45 ತಪ್ಪಾದರೆ ಕೈಗೆ ಬರುವುದು 43.75, ಅಂದರೆ ಫೇಲ್. ನಾಲ್ಕರಲ್ಲಿ ಒಂದು ಆಯ್ಕೆಯನ್ನೂ ಹೊಡೆದುಹಾಕಲು ಆಗದ ಪ್ರಶ್ನೆಯನ್ನು ಬಿಟ್ಟುಬಿಡಿ. ಓದಲು ನಿಸ್ಮ್‌ನ ವರ್ಕ್‌ಬುಕ್ ಒಂದೇ ಸಾಕು, ಅದನ್ನು ಎರಡು ಸಲ ಓದಿ. ಭಾರತದ ಬ್ರೋಕರ್ ಕಚೇರಿಗಳಲ್ಲಿ ಗ್ರಾಹಕರ ಹಣ, ಷೇರು ನಿರ್ವಹಿಸುವವರಿಗೆ ಈ ಪರೀಕ್ಷೆ ಕಡ್ಡಾಯ. ವಿದೇಶಿ ಬ್ಯಾಂಕಿನ ಕಚೇರಿಯಲ್ಲಿ ಕಡ್ಡಾಯವಲ್ಲ, ಆದರೆ ವಿಷಯ ಗೊತ್ತಿದೆ ಎಂಬುದಕ್ಕೆ ಪುರಾವೆ. ಪ್ರಮಾಣಪತ್ರದ ಅವಧಿ ಮೂರೇ ವರ್ಷ. ಹಾಗಾಗಿ ಅರ್ಜಿ ಹಾಕುವ ಹೊತ್ತಿಗೆ ಬರೆಯಿರಿ, ‘ಇರಲಿ’ ಎಂದು ಈಗಲೇ ನಾಲ್ಕೈದು ಸೀರೀಸ್ ಗುಡ್ಡೆ ಹಾಕಿಕೊಳ್ಳಬೇಡಿ.

ಎರಡನೆಯ ಕೊರತೆ ಎಕ್ಸೆಲ್. ಟ್ಯಾಲಿಯಲ್ಲಿ ಎಲ್ಲವೂ ಅದರಷ್ಟಕ್ಕೆ ಆಗುತ್ತದೆ, ಎಕ್ಸೆಲ್‌ನಲ್ಲಿ ಆಗುವುದಿಲ್ಲ. ನಿಮ್ಮ ಸ್ವಂತ ಖಾತೆಯ ಮೂರು ತಿಂಗಳ ಸ್ಟೇಟ್‌ಮೆಂಟ್ ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಿ. ಇನ್ನೊಂದು ಹಾಳೆಯಲ್ಲಿ ಅದೇ ವ್ಯವಹಾರಗಳನ್ನು ನೀವೇ ಟೈಪ್ ಮಾಡಿ, ಬೇಕೆಂದೇ ಹತ್ತು ತಪ್ಪು ಸೇರಿಸಿ, ಒಂದು ವಾರ ಬಿಟ್ಟು ವಿಲುಕಪ್ (ಒಂದು ಹಾಳೆಯ ಸಾಲನ್ನು ಇನ್ನೊಂದರಲ್ಲಿ ಹುಡುಕುವ ಎಕ್ಸೆಲ್ ಸೂತ್ರ, VLOOKUP) ಹಾಕಿ ಹುಡುಕಿ. ಮೊದಲ ಸಲ ಅರ್ಧಕ್ಕರ್ಧ ಸಾಲುಗಳು ಸಿಗುವುದಿಲ್ಲ, ಗಾಬರಿ ಬೇಡ. ರೆಫರೆನ್ಸ್ ಸಂಖ್ಯೆಯ ಹಿಂದೆ ಕಣ್ಣಿಗೆ ಕಾಣದ ಸ್ಪೇಸ್ ಇರುತ್ತದೆ, ಟ್ರಿಮ್ (TRIM) ಸೂತ್ರ ಹಾಕಿ. ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಅಕ್ಷರವಾಗಿ ಕೂತಿರುತ್ತದೆ, ವ್ಯಾಲ್ಯೂ (VALUE) ಸೂತ್ರ ಹಾಕಿ. ಒಂದೇ ದಿನ ಒಂದೇ ಮೊತ್ತ ಎರಡು ಸಲ ಬಂದಿದ್ದರೆ ವಿಲುಕಪ್ ಮೊದಲನೆಯದನ್ನೇ ಎರಡು ಸಲ ತೋರಿಸಿ ದಾರಿ ತಪ್ಪಿಸುತ್ತದೆ. ಅದಕ್ಕೆ ಕೌಂಟ್‌ಇಫ್ಸ್ (COUNTIFS) ಸೂತ್ರದಿಂದ ಮೊದಲೇ ಎಣಿಸಿಕೊಳ್ಳಿ. ವ್ಯತ್ಯಾಸ 9ರಿಂದ ಭಾಗವಾಗುತ್ತಿದ್ದರೆ ಅಂಕಿ ಅದಲುಬದಲಾಗಿದೆಯೇ ನೋಡಿ. 54,800ನ್ನು 45,800 ಎಂದು ಹೊಡೆದರೆ ವ್ಯತ್ಯಾಸ 9,000. ಇದು ನಿಮಗೆ ಗೊತ್ತೇ ಇರುತ್ತದೆ, ಸಂದರ್ಶನದಲ್ಲಿ ಬಾಯಿಬಿಟ್ಟು ಹೇಳಿ.

ಆಯ್ಕೆಯಾದ ಮೇಲೂ ನಮ್ಮವರು ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ತಂದೆಯ ಪೂರ್ತಿ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಹಿನ್ನೆಲೆ ಪರಿಶೀಲನೆಯಲ್ಲಿ ಇವು ಮೂರು ಜನರಂತೆ ಕಾಣುತ್ತವೆ. ಪ್ಯಾನ್, ಆಧಾರ್, ಪಿಎಫ್ ಮೂರನ್ನೂ ಈಗಲೇ ಒಂದು ಮಾಡಿಸಿ, ನಿಸ್ಮ್ ನೋಂದಣಿಗೂ ಪ್ಯಾನ್‌ನಲ್ಲಿ ಇರುವ ಹೆಸರನ್ನೇ ಕೊಡಿ. ಅಂಗಡಿಯವರು ಸಂಬಳ ನಗದಾಗಿ ಕೊಡುತ್ತಿದ್ದರೆ ಎಂಟು ವರ್ಷದ ಅನುಭವಕ್ಕೆ ದಾಖಲೆಯೇ ಇರುವುದಿಲ್ಲ. ಕೆಲಸ ಬಿಡುವ ಮೊದಲೇ ಲೆಟರ್‌ಹೆಡ್‌ನಲ್ಲಿ ಸೇರಿದ ದಿನಾಂಕ, ಹುದ್ದೆ, ಕೆಲಸದ ವಿವರ ಬರೆಸಿ ಸಹಿ ಹಾಕಿಸಿಕೊಳ್ಳಿ. ಇನ್ನುಳಿದ ತಿಂಗಳುಗಳ ಸಂಬಳವನ್ನಾದರೂ ಬ್ಯಾಂಕಿಗೆ ಹಾಕಿಸಿಕೊಳ್ಳಿ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದರೆ ಆ ಪ್ರತಿಗಳು ಬಹಳ ಕೆಲಸಕ್ಕೆ ಬರುತ್ತವೆ.

34 ವಯಸ್ಸು ಅಡ್ಡಿಯಲ್ಲ. ಆದರೆ ನಿಮಗಿಂತ ಹತ್ತು ವರ್ಷ ಚಿಕ್ಕವರು ನಿಮ್ಮ ಮೇಲಧಿಕಾರಿಯಾಗಿರಬಹುದು. ಶುರುವಿನಲ್ಲಿ ಬೇರೆ ಕಂಪನಿಯ ಮೂಲಕ ಕಾಂಟ್ರ್ಯಾಕ್ಟ್ ಮೇಲೆ ತೆಗೆದುಕೊಳ್ಳಬಹುದು. ಲಂಡನ್, ನ್ಯೂಯಾರ್ಕ್ ಕೆಲಸವಾದರೆ ಶಿಫ್ಟ್ ಮಧ್ಯಾಹ್ನ ಶುರುವಾಗಿ ರಾತ್ರಿ ಮುಗಿಯುತ್ತದೆ. ಮಕ್ಕಳಿದ್ದರೆ ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಮೂರು ತಿಂಗಳಿಗೆ ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಕೆಲಸ ಬಾರದೆ ಬಿಡುವುದಿಲ್ಲ, ಈ ವೇಳೆ ಒಗ್ಗದೆ ಬಿಡುತ್ತಾರೆ.

ಪ್ರಶ್ನೆ: ಖಾಸಗಿ ಕಂಪನಿಯಲ್ಲಿದ್ದೇನೆ. ಜೆಎಐಐಬಿ ಪಾಸ್ ಮಾಡಿಕೊಂಡರೆ ಬ್ಯಾಂಕಿಗೆ ಸೇರಲು ಅನುಕೂಲವೇ?

ಅದು ಬ್ಯಾಂಕಿನಲ್ಲಿ ಈಗಾಗಲೇ ಕೆಲಸದಲ್ಲಿರುವವರ ಪರೀಕ್ಷೆ, ನಿಮಗೆ ಬರೆಯಲು ಬಿಡುವುದಿಲ್ಲ. ಅದನ್ನು ನಡೆಸುವ ಬ್ಯಾಂಕಿಂಗ್ ಶಿಕ್ಷಣ ಸಂಸ್ಥೆ ಐಐಬಿಎಫ್‌ನ ಎಎಂಎಲ್-ಕೆವೈಸಿ (ಅಕ್ರಮ ಹಣ ವರ್ಗಾವಣೆ ತಡೆ, ಗ್ರಾಹಕರ ಗುರುತು ಪರಿಶೀಲನೆ) ಪರೀಕ್ಷೆಯನ್ನು ಹೊರಗಿನವರೂ ಬರೆಯಬಹುದು.

ಪ್ರಶ್ನೆ: ಸಿಎಫ್‌ಎ ಮೊದಲ ಹಂತ ಮುಗಿಸಿದರೆ ಜನರ ಹಣ ನಿರ್ವಹಿಸಬಹುದೇ?

ಇಲ್ಲ. ಸಿಎಫ್‌ಎ ಹೂಡಿಕೆ ವಿಶ್ಲೇಷಕರ ಅಂತರರಾಷ್ಟ್ರೀಯ ಪರೀಕ್ಷೆ. ಅದರ ಮೂರೂ ಹಂತ ಮುಗಿಸಿ, 4,000 ಗಂಟೆಯ ಅನುಭವ ತೋರಿಸಿ ಚಾರ್ಟರ್ ಪಡೆದರೂ ಅದು ಭಾರತದಲ್ಲಿ ಪರವಾನಗಿ ಅಲ್ಲ.

ಪ್ರಶ್ನೆ: ನಿವೃತ್ತ ಶಿಕ್ಷಕ. ಊರಿನಲ್ಲಿ ಜನ ನನ್ನ ಮಾತು ಕೇಳುತ್ತಾರೆ. ಮ್ಯೂಚುವಲ್ ಫಂಡ್ ವಿತರಕನಾಗಬಹುದೇ?

ಆಗಬಹುದು. ನಿಸ್ಮ್ ಸೀರೀಸ್ 5-ಎ ಬರೆಯಿರಿ. 100 ಪ್ರಶ್ನೆ, 50ಕ್ಕೆ ಪಾಸ್, ಇದರಲ್ಲಿ ಅಂಕ ಕಳೆಯುವುದಿಲ್ಲ. ನಂತರ ಮ್ಯೂಚುವಲ್ ಫಂಡ್ ಕಂಪನಿಗಳ ಒಕ್ಕೂಟ ಆಂಫಿಯಿಂದ ಎಆರ್‌ಎನ್ ಎಂಬ ವಿತರಕರ ನೋಂದಣಿ ಸಂಖ್ಯೆ ಪಡೆಯಬೇಕು. ಕಠಿಣ ವಿಷಯವನ್ನು ಸರಳವಾಗಿ ಬಿಡಿಸಿ ಹೇಳುವ ನಿಮ್ಮ ಅಭ್ಯಾಸಕ್ಕೆ ಇಲ್ಲಿ ನಿಜವಾದ ಬೆಲೆ ಇದೆ. ಆದರೆ ಆದಾಯದ ಲೆಕ್ಕ ಮೊದಲೇ ಹಾಕಿಕೊಳ್ಳಿ. 2018ರಿಂದ ಸಾಮಾನ್ಯವಾಗಿ ಮುಂಗಡ ಕಮಿಷನ್ ಇಲ್ಲ, ಹೂಡಿಕೆ ಉಳಿದಿರುವಷ್ಟು ಕಾಲ ಬರುವ ಟ್ರೇಲ್ ಕಮಿಷನ್ನೇ ಮುಖ್ಯ. ವರ್ಷಕ್ಕೆ ಶೇ 0.75 ಎಂದುಕೊಂಡರೆ, ಒಂದು ಕೋಟಿ ರೂಪಾಯಿ ಹೂಡಿಕೆ ಕೂಡಿಸಿದ ಮೇಲೆ ನಿಮಗೆ ವರ್ಷಕ್ಕೆ 75,000. ಬೋರ್ಡಿನಲ್ಲಿ ‘ಹೂಡಿಕೆ ಸಲಹೆಗಾರ’ ಎಂದು ಬರೆಸಬೇಡಿ, ವಿತರಕರಿಗೆ ಆ ಹೆಸರು ಬಳಸುವ ಹಕ್ಕಿಲ್ಲ. ನಿಮ್ಮ ಮಾತು ನಂಬಿ ನಿವೃತ್ತಿ ಹಣ ತರುವ ಸಹೋದ್ಯೋಗಿಗೆ ಸಣ್ಣ ಕಂಪನಿಗಳ ಫಂಡ್ ಮಾರಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಮೆಡಿಕಲ್ ರೆಪ್ ಆಗಿದ್ದೆ. ಸಾಲ ವಸೂಲಿ ಏಜೆನ್ಸಿಯವರು ನಾಳೆಯೇ ಬಾ ಎನ್ನುತ್ತಿದ್ದಾರೆ.

ಡಿಆರ್‌ಎ (ಸಾಲ ವಸೂಲಿ ಏಜೆಂಟ್) ತರಬೇತಿ ಕೊಡಿಸುತ್ತೀರಾ ಎಂದು ಕೇಳಿ. ಪದವೀಧರರಿಗೆ 50 ಗಂಟೆ, ಉಳಿದವರಿಗೆ 100 ಗಂಟೆ ತರಬೇತಿ, ಆಮೇಲೆ ಐಐಬಿಎಫ್ ಪರೀಕ್ಷೆ. ‘ಅದೆಲ್ಲ ಬೇಡ’ ಎಂದರೆ ಹೋಗಬೇಡಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಅದನ್ನು ಮೀರಲು ಹೇಳುವ ಏಜೆನ್ಸಿ, ದೂರು ಬಂದ ದಿನ ನಿಮ್ಮನ್ನೇ ಮುಂದೆ ತಳ್ಳುತ್ತದೆ.

ಪ್ರಶ್ನೆ: ರಿಸರ್ಚ್ ಅನಲಿಸ್ಟ್ (ಷೇರು ವಿಶ್ಲೇಷಕ) ಪರೀಕ್ಷೆ ಪಾಸಾಗಿದ್ದೇನೆ. ಟೆಲಿಗ್ರಾಂನಲ್ಲಿ ಫೀಸ್ ಪಡೆದು ಟಿಪ್ಸ್ ಕೊಡಬಹುದೇ?

ಕೊಡಬಾರದು. ಪರೀಕ್ಷೆ ಬೇರೆ, ಸೆಬಿ ನೋಂದಣಿ ಬೇರೆ. 2024ರ ಡಿಸೆಂಬರ್‌ನಲ್ಲಿ ಸೆಬಿ ಸ್ನಾತಕೋತ್ತರ ಪದವಿ, ಅನುಭವದ ಷರತ್ತುಗಳನ್ನು ಸಡಿಲಿಸಿದೆ, ಹಾಗಾಗಿ ನೋಂದಣಿಗೆ ಅರ್ಜಿ ಹಾಕಲು ನಿಮಗೆ ನೆಪವೇ ಇಲ್ಲ. ನೋಂದಣಿ ಸಂಖ್ಯೆ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಪಡೆಯಬೇಡಿ, ಈಗಾಗಲೇ ಪಡೆದಿದ್ದರೆ ವಾಪಸ್ ಕೊಟ್ಟು ಗುಂಪು ಮುಚ್ಚಿ.

ಪ್ರಶ್ನೆ: ಬ್ಯಾಂಕ್ ಕೆಲಸಕ್ಕೆ 25,000 ಡಿಪಾಸಿಟ್ ಮತ್ತು ಮೂಲ ಅಂಕಪಟ್ಟಿ ಕೇಳುತ್ತಿದ್ದಾರೆ.

ಎರಡನ್ನೂ ಕೊಡಬೇಡಿ. ಅಂಕಪಟ್ಟಿ ಈಗಾಗಲೇ ಕೊಟ್ಟಿದ್ದರೆ ಇವತ್ತೇ ಪೊಲೀಸ್ ಠಾಣೆಗೆ ಹೋಗಿ.