ಹಿಮ ಬಿದ್ದು ನಾಲ್ಕೈದು ದಿನ ಕಳೆದು, ಮೇಲೆ ಗಟ್ಟಿಯಾದ ಮೇಲೂ ಇಳಿಜಾರಿನ ಹಿಮ ಕುಸಿಯುವುದೇಕೆ? ಮೊದಲೇ ತಿಳಿಯುವುದು ಹೇಗೆ?

ಹೊಸ ಹಿಮದಡಿ ಹೂತಿರುವ ದುರ್ಬಲ ಪದರ ಇನ್ನೂ ಹಾಗೇ ಉಳಿದಿರುವುದರಿಂದ. ಗುಲ್ಮಾರ್ಗ್‌ನಂಥ ಕಡೆ ಚಳಿಗಾಲದ ಆರಂಭದಲ್ಲಿ ಹಿಮ ತೆಳುವಾಗಿದ್ದರೆ, ನೆಲದ ಬಳಿ ಉಷ್ಣಾಂಶ ಸುಮಾರು 0 ಡಿಗ್ರಿ, ಮೇಲ್ಮೈ ಮಾತ್ರ ರಾತ್ರಿಯಿಡೀ ಕೊರೆಯುತ್ತಿರುತ್ತದೆ. ಈ ಅಂತರದಿಂದ ಒಳಗಿನ ನೀರಾವಿ ಮೇಲಕ್ಕೆ ಸರಿಯುತ್ತಾ, ಹರಳುಗಳು ದಪ್ಪ ಸಕ್ಕರೆಯಂತೆ ಬಿಡಿಬಿಡಿಯಾಗುತ್ತವೆ. ಮುಷ್ಟಿಯಲ್ಲಿ ಒತ್ತಿದರೂ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಿಂದ ಸೋರಿಹೋಗುತ್ತವೆ. ಇಂಥ ಪದರ ವಾರಗಟ್ಟಲೆ ಉಳಿಯಬಲ್ಲದು. ಒಬ್ಬರ ತೂಕಕ್ಕೇ ಅದರಲ್ಲಿ ಬಿರುಕು ಹರಡಿ ಮೇಲಿನ ಹಾಸು ಇಡಿಯಾಗಿ ಜಾರುತ್ತದೆ.

ಪರೀಕ್ಷಿಸಲು, ನೀವು ಹೋಗಬೇಕೆಂದಿರುವ ಇಳಿಜಾರಿನ ದಿಕ್ಕಿಗೇ ಮುಖ ಮಾಡಿದ ಸುರಕ್ಷಿತ ಸಣ್ಣ ಇಳಿಜಾರಿನಲ್ಲಿ ಗುಂಡಿ ತೋಡಿ. ಅಡ್ಡಕ್ಕೆ 90 ಸೆಂ.ಮೀ., ಒಳಕ್ಕೆ 30 ಸೆಂ.ಮೀ. ಇರುವ ಹಿಮದ ಕಂಬವನ್ನು ಹಿಂಬದಿಯೂ ಸೇರಿ ಪೂರ್ತಿ ಕತ್ತರಿಸಿ ಬಿಡಿಸಿ. ಒಂದು ತುದಿಯಲ್ಲಿ ಸಲಿಕೆಯ ಅಲಗನ್ನಿಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಪೆಟ್ಟು ಕೊಡಿ. ಬಿರುಕು ಹುಟ್ಟಿದ ಪೆಟ್ಟಿಗೋ ಮರುಪೆಟ್ಟಿಗೋ ಅದು ಇನ್ನೊಂದು ತುದಿ ಮುಟ್ಟಿದರೆ ಆ ಇಳಿಜಾರನ್ನು ಬಿಟ್ಟುಬಿಡಿ. ಮುಟ್ಟದಿದ್ದರೆ ನಿಶ್ಚಿಂತೆಯೆಂದಲ್ಲ: ಸ್ವಲ್ಪ ದೂರದಲ್ಲೇ ಪದರ ಬೇರೆಯಿರಬಹುದು, ಒಂದು ಮೀಟರಿಗಿಂತ ಆಳದ ಪದರವನ್ನು ಈ ಪೆಟ್ಟು ತಲುಪುವುದೂ ಕಷ್ಟ.

ಕಾಲಡಿ ಹಿಮ ‘ಧುಪ್’ ಎಂದು ಕುಸಿದರೆ, ಹತ್ತಿರದಲ್ಲಿ ಹೊಸ ಹಿಮಕುಸಿತ ಕಂಡರೆ, ಗುಂಡಿಯೇ ಬೇಡ. 30 ಡಿಗ್ರಿಗಿಂತ ಕಡಿಮೆ ಇಳಿಜಾರಿನ, ತಲೆಯ ಮೇಲೆ ಕಡಿದಾದ ಹಿಮವಿಲ್ಲದ ದಾರಿ ಹಿಡಿಯಿರಿ.