ಎರಡನೇ ನೀರಿನ ಲೋಟ

ಪ್ರಶ್ನೆ: ನನಗೆ 36 ವರ್ಷ. ಊರು ಶಿವಮೊಗ್ಗ. ಹನ್ನೊಂದು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಪತಿಯ ಉದ್ಯೋಗದ ಕಾರಣ ದುಬೈಗೆ ಬಂದು ಎರಡೂವರೆ ವರ್ಷವಾಯಿತು. ಮಗ ಬೆಳಿಗ್ಗೆ ಶಾಲೆಯ ಬಸ್ ಹತ್ತಿದರೆ ಮನೆಗೆ ಮರಳುವುದು ಮಧ್ಯಾಹ್ನ ಮೂರಕ್ಕೆ. ಆ ಹೊತ್ತು ಕಳೆಯಲಾಗದೆ ಕಳೆದ ವರ್ಷದಿಂದ ವಾರಕ್ಕೊಂದು ಹೊಸ ರೆಸ್ಟೋರೆಂಟ್‌ಗೆ ಹೋಗಲು ಆರಂಭಿಸಿದೆ. ಮೊದಲ ತರಗತಿ ಉಚಿತ ಎಂದಿರುವ ವ್ಯಾಯಾಮ ಕೇಂದ್ರಗಳಿಗೂ ಹೋದೆ. ಜುಂಬಾ, ಪಿಲಾಟೆಸ್, ಕಿಕ್‌ಬಾಕ್ಸಿಂಗ್, ನೀರಿನೊಳಗಿನ ವ್ಯಾಯಾಮ ಹೀಗೆ ಏಳು ಬಗೆ. ಎಲ್ಲಿಗೂ ಎರಡನೇ ಸಲ ಹೋಗಲಿಲ್ಲ. ಪಿಲಾಟೆಸ್ ತರಗತಿಯಲ್ಲಿ ಪಕ್ಕದ ಚಾಪೆಯ ಈಜಿಪ್ಟಿನ ಮಹಿಳೆ ಹೆಸರು ಕೇಳಿದರು, ಮುಂದಿನ ಮಂಗಳವಾರ ಸಿಗೋಣ ಎಂದರು. ಅಲ್ಲಿಗೂ ಹೋಗಲಿಲ್ಲ.

ರೆಸ್ಟೋರೆಂಟ್‌ನಲ್ಲಿ ‘ಎಷ್ಟು ಜನ?’ ಎಂದು ಕೇಳಿದರೆ ‘ಇಬ್ಬರು’ ಎನ್ನುತ್ತೇನೆ. ಎರಡು ಲೋಟ ನೀರು ಇಡುತ್ತಾರೆ. ಯಾರಿಗೋ ಕಾಯುವವಳಂತೆ ಫೋನ್ ನೋಡುತ್ತಾ, ಕೊನೆಗೆ ‘ಅವರು ಬರುತ್ತಿಲ್ಲವಂತೆ’ ಎಂದು ಹೇಳಿ ತಿಂಡಿ ತರಿಸುತ್ತೇನೆ. ಒಮ್ಮೆ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಹಾಕಿದೆ. ‘ಒಬ್ಬಳೇ ಹೋಟೆಲಿನಲ್ಲಿ ಕುಳಿತು ತಿನ್ನುವಷ್ಟು ಹಸಿವೇ?’ ಎಂದು ಓರಗಿತ್ತಿ ಬರೆದರು. ಪತಿ ಒಳ್ಳೆಯವರು, ಬೈಯುವುದಿಲ್ಲ. ಆದರೆ ‘ನಿನಗೆ ಯಾವುದರಲ್ಲೂ ಸ್ಥಿರತೆ ಇಲ್ಲ’ ಎನ್ನುತ್ತಾರೆ. ನಾನು ದುಡಿಯದ ಹಣವನ್ನು ಹೀಗೆ ಖರ್ಚು ಮಾಡುವುದು ತಪ್ಪೆನಿಸುತ್ತದೆ. ಇಷ್ಟು ಸುತ್ತಿದರೂ ಈ ಊರಿನಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲೂ ನಾನು ‘ಅವರ ಮಿಸೆಸ್’. ಇದನ್ನೆಲ್ಲ ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ. ಉಳಿದದ್ದನ್ನು ಆಮೇಲೆ ಮಾತನಾಡೋಣ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಪತ್ರವನ್ನು ಓದಿದ ರಾತ್ರಿ ನನ್ನ ಕಣ್ಣಮುಂದೆ ಉಳಿದದ್ದು ಆ ಎರಡನೇ ನೀರಿನ ಲೋಟ. ಬಾರದ ಒಬ್ಬರಿಗಾಗಿ ತುಂಬಿಸಿಟ್ಟ ನೀರು. ಅದರ ಎದುರು ನೀವು ಹತ್ತು ನಿಮಿಷ ನಟಿಸುತ್ತಾ ಕುಳಿತಿರುತ್ತೀರಿ ಎಂಬುದನ್ನು ನೆನೆದು ಸಂಕಟವಾಯಿತು. ಹನ್ನೊಂದು ವರ್ಷ ನೂರಾರು ಮಕ್ಕಳ ಎದುರು ಒಬ್ಬರೇ ನಿಂತು ಪಾಠ ಮಾಡಿದವರು ನೀವು. ಆಗ ಒಬ್ಬರೇ ಇದ್ದೀರಲ್ಲ ಎಂದು ಯಾರಾದರೂ ಕೇಳಿದ್ದರೇ?

ಹಿಂದೆ ನಮ್ಮ ಕಡೆ ಮನೆಯ ಹೆಣ್ಣುಮಕ್ಕಳು ಉಣ್ಣುತ್ತಿದ್ದುದು ಎಲ್ಲರಿಗೂ ಬಡಿಸಿದ ಮೇಲೆ, ಒಲೆಯ ಪಕ್ಕದಲ್ಲಿ, ಒಬ್ಬೊಬ್ಬರೇ. ಹೆಂಗಸು ಒಂಟಿಯಾಗಿ ಉಣ್ಣುವುದು ನಮಗೆ ಹೊಸದಲ್ಲ. ತನಗೆ ಬೇಕಾದದ್ದನ್ನು ಹೇಳಿ ತರಿಸಿಕೊಂಡು, ಬೇರೆಯವರಿಂದ ಬಡಿಸಿಕೊಂಡು, ನಾಲ್ಕು ಜನ ಕಾಣುವಂತೆ ಕುಳಿತು ಉಣ್ಣುವುದು ಮಾತ್ರ ಹೊಸದು. ನಿಮ್ಮ ಓರಗಿತ್ತಿಯ ಮಾತು ಚುಚ್ಚಿದ್ದು ಅಲ್ಲಿಗೆ. ಅವರಿಗೆ ಪ್ರತಿಯಾಗಿ ಏನನ್ನೂ ಬರೆಯಬೇಡಿ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. ಆ ಗುಂಪಿಗೆ ಫೋಟೊ ಹಾಕುವುದನ್ನು ಬಿಟ್ಟರೆ ಸಾಕು. ಊಟದ ಫೋಟೊ ಹಾಕಿದ ಕೂಡಲೇ ನಿಮ್ಮ ಊಟ ಪರರ ನೋಟವಾಗಿಬಿಡುತ್ತದೆ. ಹೇಳಬೇಕೆನಿಸಿದರೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಖಾದ್ಯ, ಯಾವ ಹಿಟ್ಟು, ಎಷ್ಟು ಹುಳಿ ಬಂದಿತ್ತು ಎಂದೆಲ್ಲ ಬರೆಯುವುದು ರಸಾಯನಶಾಸ್ತ್ರದವರಿಗೆ ಚೆನ್ನಾಗಿಯೇ ಒಗ್ಗುತ್ತದೆ.

ನಾನೂ ಆ ಊರಿನಲ್ಲಿ ನಾಲ್ಕು ವರ್ಷ ಇದ್ದೆ, ಪತಿಯ ಕೆಲಸದ ಕಾರಣದಿಂದಲೇ. 2009ರ ಸೆಪ್ಟೆಂಬರ್ 9ರಂದು ಮೆಟ್ರೊ ಉದ್ಘಾಟನೆಯಾದಾಗ ನಾನು ಅಲ್ಲಿದ್ದೆ. ಹೆಂಗಸರು ಮತ್ತು ಮಕ್ಕಳಿಗೆಂದೇ ಇರುವ ಬೋಗಿಯಲ್ಲಿ ಮೊದಲ ಸಲ ಒಬ್ಬಳೇ ಕುಳಿತಾಗ, ಊರಿನ ಬೀಗದ ಕೈ ನನ್ನ ಕೈಗೆ ಬಂದ ಹಾಗಾಗಿತ್ತು. ಆದರೂ ಆ ನಾಲ್ಕು ವರ್ಷ ನಾನು ಹೊರಗೆ ತಿಂದದ್ದು ಹೆಚ್ಚಾಗಿ ಮೀನಾ ಬಜಾರಿನ ಒಂದೇ ಹೋಟೆಲಿನ ಮಸಾಲೆ ದೋಸೆ. ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಖಾಡಿ ದಾಟಿದರೆ ಆಚೆ ದಡದ ದೇರಾದಲ್ಲಿ ಇರಾನಿನವರು, ಇಥಿಯೋಪಿಯಾದವರು, ಫಿಲಿಪ್ಪೀನಿನವರು ತಮ್ಮ ತಮ್ಮ ಊರಿನ ಅಡುಗೆ ಬೇಯಿಸುತ್ತಿದ್ದರು. ಒಂದು ಸಲವೂ ಒಳಗೆ ಹೋಗಲಿಲ್ಲ. ‘ಅಲ್ಲಿ ನಮಗೇನು ಸಿಗುತ್ತದೆ’ ಎಂದುಕೊಂಡು ವಾಸನೆ ಕುಡಿದು ಮರಳಿದೆ. ಇಂದಿಗೂ ನನಗೆ ಅದರ ಬೇಸರವಿದೆ. ನೀವು ಆ ಬಾಗಿಲುಗಳನ್ನು ತಳ್ಳಿ ಒಳಗೆ ಹೋಗಿದ್ದೀರಿ. ಇದನ್ನು ಚಂಚಲತೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಹಾಗೆಂದು ಪತಿಯ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗುವುದಿಲ್ಲ. ನೀವು ಎರಡು ಬೇರೆ ಬೇರೆ ಹಸಿವುಗಳಿಗೆ ಒಂದೇ ಮದ್ದು ಹುಡುಕುತ್ತಿದ್ದೀರಿ. ಕಾಣದ್ದನ್ನು ಕಾಣಬೇಕೆಂಬುದು ಒಂದು ಹಸಿವು, ಅದಕ್ಕೆ ಹೊಸ ಜಾಗ ಬೇಕು. ಯಾರಾದರೂ ತನ್ನನ್ನು ಗುರುತಿಸಬೇಕೆಂಬುದು ಇನ್ನೊಂದು. ಅದಕ್ಕೆ ಹಳೆಯ ಜಾಗವೇ ಬೇಕು. ಆದ್ದರಿಂದ ಊಟ ಹೊಸದಿರಲಿ, ವ್ಯಾಯಾಮ ಹಳೆಯದಾಗಲಿ.

ಊಟದ ಮಾತು ಮೊದಲು. ನೀವು ಶಾಕಾಹಾರಿಯೋ ಅಲ್ಲವೋ ಬರೆದಿಲ್ಲ. ಶಾಕಾಹಾರಿಯಾಗಿದ್ದರೂ ಹಿಂಜರಿಯಬೇಕಾಗಿಲ್ಲ. ಇಥಿಯೋಪಿಯಾದ ಸಾಂಪ್ರದಾಯಿಕ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ಉಪವಾಸ ಹಿಡಿಯುತ್ತಾರೆ, ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಹಾಗಾಗಿ ಅವರ ಹೋಟೆಲುಗಳಲ್ಲಿ ‘ಬೆಯಾಯ್ನೆತು’ ಎಂದು ಕೇಳಿ, ಉಪವಾಸದ್ದು ಬೇಕೆಂದು ಹೇಳಿದರೆ ಬೇಳೆ, ಸೊಪ್ಪು, ಎಲೆಕೋಸು, ಕಡಲೆಹಿಟ್ಟಿನ ಶಿರೊ ಎಲ್ಲವನ್ನೂ ಒಂದು ದೊಡ್ಡ ಇಂಜೆರಾದ ಮೇಲೆ ಗುಡ್ಡೆಗುಡ್ಡೆಯಾಗಿ ಬಡಿಸುತ್ತಾರೆ. ಇಂಜೆರಾ ಎಂದರೆ ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ, ಒಂದೇ ಬದಿ ಬೇಯಿಸಿದ ತೂತುತೂತಿನ ದೊಡ್ಡ ದೋಸೆ. ನಮ್ಮ ದೋಸೆಯ ನೆಂಟಸ್ತಿಕೆ ಮೊದಲ ತುತ್ತಿಗೇ ತಿಳಿಯುತ್ತದೆ. ಅವರಲ್ಲಿ ‘ಗುರ್ಶಾ’ ಎಂಬ ಪದ್ಧತಿಯೂ ಇದೆ. ಪ್ರೀತಿಯವರ ಬಾಯಿಗೆ ತಮ್ಮ ಕೈಯಿಂದಲೇ ತುತ್ತು ಇಡುವುದು. ಕೈತುತ್ತು ಉಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಲೆಬನಾನಿನ ಕಡೆಯ ಅಡುಗೆಯಲ್ಲಿ ಎಲ್ಲರೂ ಕಾಬೂಲಿ ಕಡಲೆಯನ್ನು ನುಣ್ಣಗೆ ಅರೆದ ಹಮ್ಮಸ್‌ನಲ್ಲೇ ನಿಂತುಬಿಡುತ್ತಾರೆ. ನೀವು ‘ಮುಜದ್ದರ’ ಕೇಳಿ. ಅಕ್ಕಿ, ಮಸೂರ, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಬಡವರ ಮನೆಯ ಅನ್ನ, ನಮ್ಮ ಹುಗ್ಗಿಯಂತೆಯೇ ಹೊಟ್ಟೆಯನ್ನು ತಣ್ಣಗಿಡುತ್ತದೆ. ಮಾಂಸ ತಿನ್ನದವರು ಎರಡು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಬೇಕು: ಬೇಳೆಯ ಸೂಪಿಗೆ ಮಾಂಸ ಬೇಯಿಸಿದ ನೀರು ಹಾಕಿದ್ದೀರಾ, ಥಾಯ್ ಅಡುಗೆಯಾದರೆ ಮೀನಿನ ಸಾಸ್ ಇದೆಯೇ. ಬರಿಯ ‘ವೆಜ್’ ಎಂದರೆ ಅಲ್ಲಿ ಅರ್ಥ ಬೇರೆಬೇರೆಯಾಗುತ್ತದೆ.

ಇನ್ನು ‘ಎಷ್ಟು ಜನ’ ಎಂಬ ಪ್ರಶ್ನೆ. ಅದನ್ನು ಕೇಳುವ ಹುಡುಗನೂ ತನ್ನ ಊರು ಬಿಟ್ಟು ಬಂದವನು. ಕೇರಳದವನೋ, ನೇಪಾಳದವನೋ, ಮನಿಲಾದವನೋ ಇರಬಹುದು. ಡ್ಯೂಟಿ ಮುಗಿದ ಮೇಲೆ ಅವನೂ ಒಬ್ಬನೇ ಕುಳಿತು ಉಣ್ಣುತ್ತಾನೆ. ಅವನ ಪ್ರಶ್ನೆ ಟೇಬಲ್‌ಗೆ ಸಂಬಂಧಿಸಿದ್ದು, ನಿಮ್ಮ ಬದುಕಿಗಲ್ಲ. ಜನ ಕಿಕ್ಕಿರಿಯುವ ಒಂದೂವರೆ ಗಂಟೆಯ ಬದಲು ಹನ್ನೆರಡಕ್ಕೇ ಹೋಗಿ. ಕಿಟಕಿಯ ಬಳಿಯ ಸಣ್ಣ ಟೇಬಲ್ ಸಿಗುತ್ತದೆ, ಅಡುಗೆಯ ಬಗ್ಗೆ ಕೇಳಿದರೆ ಉತ್ತರಿಸಲು ಅವರಿಗೂ ಪುರಸೊತ್ತಿರುತ್ತದೆ. ಶುಕ್ರವಾರ ಮಾತ್ರ ಬೇಡ. 2022ರಿಂದ ಅಲ್ಲಿ ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ, ಮಧ್ಯಾಹ್ನ ನಮಾಜಿನ ನಂತರ ಹೋಟೆಲುಗಳಲ್ಲಿ ಸಂಸಾರಗಳು ತುಂಬಿರುತ್ತವೆ. ಮೊದಮೊದಲು ಆ ಗದ್ದಲದ ನಡುವೆ ಒಬ್ಬರೇ ಕುಳಿತುಕೊಳ್ಳುವುದು ಕಷ್ಟ.

ಹಣದ ವಿಷಯವನ್ನು ಸುತ್ತಿ ಬಳಸದೆ ಹೇಳುತ್ತೇನೆ. ‘ನಾನು ದುಡಿಯದ ಹಣ’ ಎಂಬ ಮಾತು ನನಗೆ ನೋವು ತಂದಿತು. ಆ ಸಂಬಳ ಮನೆಗೆ ಬರಲು ನೀವು ನಿಮ್ಮ ಸಂಬಳವನ್ನು ಬಿಟ್ಟಿದ್ದೀರಿ. ವೀಸಾದಲ್ಲಿ ನಿಮ್ಮನ್ನು ಅವಲಂಬಿತರು ಎಂದು ಬರೆದಿರಬಹುದು, ಸಂಸಾರದ ಲೆಕ್ಕಕ್ಕೆ ಆ ಪದವನ್ನು ತರಬೇಡಿ. ಪತಿಯೊಡನೆ ಕುಳಿತು ತಿಂಗಳಿಗೆ ಇಂತಿಷ್ಟು ಎಂದು ನಿಮ್ಮ ಹೆಸರಿಗೆ ಎತ್ತಿಡಿ. ಅದಕ್ಕೆ ಲೆಕ್ಕ ಒಪ್ಪಿಸುವಂತಿರಬಾರದು. ಪತಿಯೊಡನೆ ಈ ಹಣದ ಮಾತು ಎತ್ತುವ ದಿನ ಮತ್ತೊಂದನ್ನೂ ಹೇಳಿ: ‘ನಿಮ್ಮ ಒಪ್ಪಿಗೆ ಬೇಕಾಗಿಲ್ಲ, ತಿಂಗಳಿಗೊಮ್ಮೆ ನಿಮ್ಮ ಜೊತೆ ಬೇಕು.’ ನೀವು ಕಂಡುಹಿಡಿದ ಹೋಟೆಲುಗಳಲ್ಲಿ ಇಷ್ಟವಾದ ಒಂದಕ್ಕೆ ಅವರನ್ನೂ ಮಗನನ್ನೂ ಕರೆದುಕೊಂಡು ಹೋಗಿ. ಏನು ತರಿಸಬೇಕೆಂದು ಅಲ್ಲಿ ನೀವೇ ಹೇಳಿ. ಅಷ್ಟು ದಿನ ನೀವು ಏನು ಮಾಡುತ್ತಿದ್ದಿರಿ ಎಂಬುದು ಅವರಿಗೆ ಆಗ ತಾನಾಗಿ ಅರ್ಥವಾಗುತ್ತದೆ.

ಈಗ ವ್ಯಾಯಾಮಕ್ಕೆ ಬರುತ್ತೇನೆ. ಏಳು ತರಗತಿಗಳಿಗೆ ಒಂದೊಂದು ದಿನ ಹೋದವರು ಎರಡನೇ ದಿನ ಯಾಕೆ ಹೋಗಲಿಲ್ಲ? ಹಣವೇ ಕಾರಣವೆಂದು ನನಗೆ ಅನಿಸುವುದಿಲ್ಲ. ಮೊದಲ ದಿನ ನೀವು ಅತಿಥಿ. ಹೆಜ್ಜೆ ತಪ್ಪಿದರೆ ಎಲ್ಲರೂ ನಕ್ಕು ‘ಪರವಾಗಿಲ್ಲ, ಹೊಸಬರು’ ಎನ್ನುತ್ತಾರೆ. ಎರಡನೇ ದಿನದಿಂದ ನೀವು ವಿದ್ಯಾರ್ಥಿನಿ. ಹಿಂದಿನ ಬೆಂಚಿನ, ಕಲಿಕೆಯಲ್ಲಿ ಹಿಂದುಳಿದ ವಿದ್ಯಾರ್ಥಿನಿ. ಒಂದು ದಶಕ ಕಪ್ಪುಹಲಗೆಯ ಕಡೆಯಿಂದ ತರಗತಿಯನ್ನು ನೋಡಿದವರಿಗೆ ಈ ಜಾಗ ಬದಲಾವಣೆ ಎಷ್ಟು ಕಠಿಣವೆಂದು ನಾನು ಊಹಿಸಬಲ್ಲೆ. ಇದರ ಕೆಳಗೆ ಇನ್ನೂ ಒಂದು ಭಯ ಇದ್ದಿರಬಹುದು. ಪತಿಯ ಕೆಲಸ ಇರುವವರೆಗೆ ಮಾತ್ರ ಆ ಊರು ನಿಮ್ಮದು. ಸ್ನೇಹ ಮಾಡಿಕೊಂಡು ನಾಳೆ ಬಿಟ್ಟು ಹೋಗುವುದಕ್ಕಿಂತ ಮಾಡದಿರುವುದೇ ಮೇಲು ಎಂದು ಮನಸ್ಸು ಒಳಗೊಳಗೇ ಲೆಕ್ಕ ಹಾಕುತ್ತದೆ. ನಾನೂ ಹಾಕಿದ್ದೆ. ಆ ಲೆಕ್ಕ ಸರಿಯಲ್ಲ. ಅಲ್ಲಿ ಮೂರೇ ತಿಂಗಳು ಪಕ್ಕದ ಮನೆಯಲ್ಲಿದ್ದ ಒಬ್ಬರು ಇಂದಿಗೂ ನನಗೆ ಯುಗಾದಿಯ ದಿನ ಕರೆ ಮಾಡುತ್ತಾರೆ.

ದೇಹದ ದೃಷ್ಟಿಯಿಂದಲೂ ಒಂದರಲ್ಲಿ ನಿಲ್ಲುವುದೇ ಸರಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ, ಜೊತೆಗೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಕೆಲಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ನಾಯುವಿಗೆ ಅದೇ ಭಾರ ಮತ್ತೆ ಮತ್ತೆ, ಸ್ವಲ್ಪ ಸ್ವಲ್ಪವೇ ಹೆಚ್ಚಾಗಿ ಬೀಳಬೇಕು. ಈ ವಾರ ಕಿಕ್‌ಬಾಕ್ಸಿಂಗ್, ಮುಂದಿನ ವಾರ ಈಜುಕೊಳ ಎಂದರೆ ಮೈಕೈ ನೋವು ಬರುತ್ತದೆ, ಬಲ ಬರುವುದಿಲ್ಲ. ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಯಾರಾದರೂ ಕೇಳಿದರೆ, ಬಗ್ಗಿ ಎದ್ದು ಮಾಡುವ ಕೆಲಸದಿಂದ ನಡುನೋವು ಬಂದವರೇ ನಮ್ಮಲ್ಲಿ ಎಷ್ಟು ಜನರಿದ್ದಾರೆ ಎಂದು ನೆನಪಿಸಿ.

ಒಂದು ಎಚ್ಚರಿಕೆ. ಉತ್ಸಾಹ ಬಂತೆಂದು ವರ್ಷದ ಸದಸ್ಯತ್ವಕ್ಕೆ ಒಮ್ಮೆಗೇ ಹಣ ಕಟ್ಟಬೇಡಿ. ಪತಿಗೆ ವರ್ಗವಾದರೆ ಅದನ್ನು ಮರಳಿ ಪಡೆಯುವುದು ತ್ರಾಸದ ಕೆಲಸ. ಹತ್ತು ತರಗತಿಗಳ ಪ್ಯಾಕ್ ಕೊಳ್ಳಿ, ಎಷ್ಟು ವಾರಗಳಲ್ಲಿ ಮುಗಿಸಬೇಕು ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಗಂಡಸರ ನಡುವೆ ಸಂಕೋಚವಾದರೆ ಮಹಿಳೆಯರಿಗೆ ಮಾತ್ರ ಇರುವ ಕೇಂದ್ರಗಳು ಆ ಊರಿನಲ್ಲಿ ಬೇಕಾದಷ್ಟಿವೆ, ಇದು ದುಬೈ ನಿಮಗೆ ಕೊಟ್ಟಿರುವ ಅನುಕೂಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಒಳಾಂಗಣವೇ ಗತಿ. ಆದರೆ ಚಳಿಗಾಲ ಕಾಲಿಡುವ ಹೊತ್ತಿಗೆ, ಅಕ್ಟೋಬರ್ ಕೊನೆಯಲ್ಲೋ ನವೆಂಬರ್ ಮೊದಲಲ್ಲೋ ಶುರುವಾಗಿ, ದುಬೈ ಫಿಟ್‌ನೆಸ್ ಚಾಲೆಂಜ್ ನಡೆಯುತ್ತದೆ. 2017ರಲ್ಲಿ ಆರಂಭವಾದದ್ದು. 30 ದಿನ, ದಿನಕ್ಕೆ 30 ನಿಮಿಷ ಎಂಬುದು ಅದರ ಲೆಕ್ಕ. ಊರಿನ ನಾನಾ ಕಡೆ ಉಚಿತ ತರಗತಿಗಳು ಇರುತ್ತವೆ. ಒಂದು ಬೆಳಿಗ್ಗೆ ಶೇಖ್ ಝಾಯೆದ್ ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸಿ ಜನರನ್ನು ಓಡಲು ಬಿಡುತ್ತಾರೆ. ಓಡಲಾಗದವರು ನಡೆಯುತ್ತಾರೆ, ಮಗುವಿನ ಗಾಡಿ ತಳ್ಳುತ್ತಾ ಬರುವವರೂ ಇರುತ್ತಾರೆ. ಆ ದಿನಕ್ಕೆ ನೀವು ಮೂವರೂ ಹೆಸರು ನೋಂದಾಯಿಸಿ, ಐದು ಕಿಲೋಮೀಟರಿನದಕ್ಕೆ.

ಅದಕ್ಕೂ ಮೊದಲು ಒಂದು ಕೆಲಸವಿದೆ. ಏಳು ತರಗತಿಗಳ ಬಗ್ಗೆ ಬರೆದವರು ನೀವು ಒಂದರಲ್ಲಿ ಮಾತ್ರ ಒಬ್ಬ ಮನುಷ್ಯರನ್ನು ಕಂಡಿದ್ದೀರಿ. ಪಿಲಾಟೆಸ್ ನಿಮಗೆ ಹಿಡಿಸಿತೋ ಇಲ್ಲವೋ ತಿಳಿಯದು, ಆಕೆ ಹೆಸರು ಕೇಳಿದ್ದು ಮಾತ್ರ ನಿಮ್ಮ ನೆನಪಿನಲ್ಲಿ ಉಳಿದಿದೆ. ಬರುವ ಮಂಗಳವಾರ ಅದೇ ತರಗತಿಗೆ, ಅದೇ ಹೊತ್ತಿಗೆ ಹೋಗಿ. ಮೂರು ತಿಂಗಳು ಪ್ರತಿ ಮಂಗಳವಾರ. ಆಕೆ ಊರು ಬಿಟ್ಟಿರಬಹುದು, ಅಲ್ಲಿ ಜನ ಹಾಗೆ ಬಂದು ಹೋಗುತ್ತಲೇ ಇರುತ್ತಾರೆ. ಆಕೆ ಕಾಣದಿದ್ದರೆ ಪಕ್ಕದ ಚಾಪೆಯಲ್ಲಿ ಯಾರಿರುತ್ತಾರೋ ಅವರ ಹೆಸರನ್ನು ಈ ಸಲ ನೀವು ಕೇಳಿ. ನಿಮ್ಮ ಹೆಸರನ್ನೂ ಹೇಳಿ, ಅವರ ನಾಲಿಗೆ ಹೊರಳದಿದ್ದರೆ ಎರಡು ಸಲ ಹೇಳಿಕೊಡಿ. ಸರಿಯಾಗಿ ಉಚ್ಚರಿಸುವವರೆಗೆ ಬಿಡಬೇಡಿ.